ಮ್ಯಾಕ್ಸ್ ರೋಚ್ ಆಲ್ಬಂ 'ವಿ ಇನ್ಸಿಸ್ಟ್!' ಕೇಳಿದೆ. ಡ್ರಮ್ಮರ್ ಆಲ್ಬಂನಲ್ಲಿ ಡ್ರಮ್ ಎಲ್ಲಿ ಸ್ವಾಮಿ?

ಡಿಕಾಕ್ಷನ್_ಡಬಲ್

ಎಲ್ಲರಿಗೂ ನಮಸ್ಕಾರ. ಚಿಕ್ಕವನಿದ್ದಾಗ ಆರು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. ಈಗ ಎರಡು ವರ್ಷದಿಂದ ಡ್ರಮ್ ಸೆಟ್ ಹುಚ್ಚು ಹಿಡಿದಿದೆ, ಜಾಜ್ ಕೇಳೋಕೆ ಶುರು ಮಾಡಿದ್ದೇನೆ. ಡ್ರಮ್ಮರ್‌ಗಳೇ ಲೀಡರ್ ಆಗಿರೋ ಹಳೇ ಆಲ್ಬಂ ಹುಡುಕ್ತಾ ಮೊದಲು ಆರ್ಟ್ ಬ್ಲೇಕಿ ಅವರ 1958ರ 'ಮೋನಿನ್' ಕೇಳಿದೆ. ತುಂಬಾ ಇಷ್ಟ ಆಯ್ತು. ಆಮೇಲೆ ಎಲ್ಲರೂ ಹೊಗಳ್ತಾರಲ್ಲ ಅಂತ ಮ್ಯಾಕ್ಸ್ ರೋಚ್ ಅವರ 'ವಿ ಇನ್ಸಿಸ್ಟ್!' ಹಾಕಿದೆ. 1960ರದು, ಐದೇ ಟ್ರ್ಯಾಕು, ಎಲ್ಲ ಸೇರಿ ಸುಮಾರು 37 ನಿಮಿಷ.

ನಿಜ ಹೇಳ್ತೀನಿ, ನಿರಾಸೆ ಆಯ್ತು. ಮೊದಲ ಹಾಡಿನಲ್ಲಿ ಈ ಮನುಷ್ಯ ಹೆಚ್ಚುಕಮ್ಮಿ ಒಂದೇ ಏಟನ್ನು ಬಾರಿಸ್ತಾ ಕೂತಿದ್ದಾರೆ. 'ಫ್ರೀಡಂ ಡೇ'ಯಲ್ಲಿ ಒಂದು ಸೋಲೋ ಇದೆ, ಅದು ಸೂಪರ್. ಮೂರನೇ ಟ್ರ್ಯಾಕ್ ಬಂದಾಗ ಮಾತ್ರ ಮನೆಯಲ್ಲಿ ರಾದ್ಧಾಂತ. ಸ್ಪೀಕರ್‌ನಲ್ಲಿ ಹಾಕಿದ್ದೆ, ರಾತ್ರಿ ಒಂಬತ್ತೂವರೆ. ಒಬ್ಬ ಹೆಂಗಸು ಕಿರುಚೋಕೆ ಶುರು ಮಾಡಿದರು, ಹಾಡೋದಲ್ಲ, ಕಿರುಚೋದು. ಅಮ್ಮ ದೋಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದು "ಪಕ್ಕದ ಮನೇಲಿ ಏನಾಯ್ತೋ" ಅಂದರು. ನಾನು ಡಬಕ್ಕಂತ ಆಫ್ ಮಾಡಿದೆ.

ನನ್ನ ಪ್ರಶ್ನೆ ಇಷ್ಟೇ. ಇದು ಡ್ರಮ್ಮರ್ ಆಲ್ಬಂ ಹೇಗೆ? ಅವರ ಹೆಸರು ಕವರ್ ಮೇಲಿದೆ ಅಂತಲೇ? ನನಗೆ ಏನಾದರೂ ಕೇಳಿಸದೇ ಹೋಯ್ತಾ?

ಖಂಡಚಾಪು_ಕಿಟ್ಟಿ

ಗುರುವೇ, ಮೃದಂಗ ಕಲಿತವನು ಅಂತೀಯ, ಮೊದಲ ಹಾಡಲ್ಲಿ ಎಣಿಸಿ ನೋಡಲಿಲ್ವಾ? 'ಡ್ರೈವಾ ಮ್ಯಾನ್' ಐದರಲ್ಲಿದೆ. ಖಂಡಚಾಪು! ನಮ್ಮ ದೇವರನಾಮ ಎಷ್ಟು ಇಲ್ಲ ಅದರಲ್ಲಿ. ನಾನು ಕೇಳಿದ ತಕ್ಷಣ ತೊಡೆ ಮೇಲೆ ತಕ ತಕಿಟ ತಕ ತಕಿಟ ಅಂತ ಹಾಕಿದೆ, ಸಲೀಸಾಗಿ ಕೂತ್ಕೊಳ್ತು.

ಲಯಕ್ಕೆ_ಬಿದ್ದವಳು

ಕಿಟ್ಟಿ ಅವರೇ, ಐದು ಸರಿ, ಖಂಡಚಾಪು ಅಲ್ಲ. ನೀವು ತೊಡೆ ಮೇಲೆ ಏನು ಹಾಕಿದರೂ ಕೂತ್ಕೊಳ್ಳುತ್ತೆ, ಯಾಕೆಂದರೆ ಲೆಕ್ಕ ಐದೇ. ಆದರೆ ಖಂಡಚಾಪಿನ ಜೀವ ಇರೋದು ಎರಡು-ಮೂರರ ಒಡಕಿನಲ್ಲಿ. ತಕ, ಆಮೇಲೆ ತಕಿಟ. ಆ ಕುಂಟು ನಡಿಗೆಯೇ ಅದರ ಸೊಗಸು. ಡೇವ್ ಬ್ರೂಬೆಕ್ ಗುಂಪಿನ 'ಟೇಕ್ ಫೈವ್' ಎಲ್ಲರೂ ಕೇಳಿರ್ತೀರ, 1959ರದು. ಅದರಲ್ಲೂ ಐದು, ಅದು ಮೂರು-ಎರಡು ಅಂತ ಒಡೆಯುತ್ತೆ, ಅದಕ್ಕೇ ಅದು ತೂಗುತ್ತೆ, ಕಾಲು ತಾನೇ ಆಡುತ್ತೆ.

'ಡ್ರೈವಾ ಮ್ಯಾನ್' ಕೇಳುವಾಗ ಹೀಗೆ ಮಾಡಿ ನೋಡಿ. ಮೇಜಿನ ಮೇಲೆ ಒಂದಕ್ಕೆ ಅಂಗೈಯಿಂದ ಜೋರಾಗಿ ಹೊಡೆಯಿರಿ. ಎರಡು, ಮೂರು, ನಾಲ್ಕು, ಐದು ಬಾಯಲ್ಲಿ ಎಣಿಸಿ, ಕೈ ಎತ್ತಿ ಹಿಡಿದೇ ಇರಿ. ಮತ್ತೆ ಒಂದಕ್ಕೆ ಹೊಡೆಯಿರಿ. ಎರಡು ನಿಮಿಷ ಹೀಗೆ ಮಾಡಿದರೆ ಗೊತ್ತಾಗುತ್ತೆ. ನಾಲ್ಕಕ್ಕೆ ಮುಗಿಯಬೇಕು ಅಂತ ಮೈ ಕಾಯುತ್ತೆ, ಮುಗಿಯಲ್ಲ. ಇನ್ನೊಂದು ಎಣಿಕೆ ಕೈ ಗಾಳಿಯಲ್ಲೇ ನಿಲ್ಲುತ್ತೆ. ಆಮೇಲೆ ಬೀಳುತ್ತೆ.

ಆ ಒಂದನೇ ಏಟು ಚಾಟಿ. ಹಾಡು ಗುಲಾಮರ ಕಾಲದ ಹೊಲದ ಮೇಸ್ತ್ರಿಯ ಬಗ್ಗೆ. ಹೊಲದಲ್ಲಿ ದುಡಿಸೋನು, ಹೊಡೆಯೋನು, ಹೆಂಗಸರ ಮೈ ಮೇಲೆ ಕೈ ಹಾಕೋನು. ರಾತ್ರಿ ಗಸ್ತಿನವರ ಪ್ರಸ್ತಾಪವೂ ಬರುತ್ತೆ, ಓಡಿಹೋದವರನ್ನು ಹಿಡಿಯೋರು. ಶುರುವಿನಲ್ಲಿ ಆಬಿ ಲಿಂಕನ್ ಒಬ್ಬರೇ ಹಾಡ್ತಾರೆ, ಜೊತೆಗೆ ಬರೀ ಟ್ಯಾಂಬೊರಿನ್, ನಮ್ಮ ಕಂಜೀರದ ಥರದ್ದು. ಆಮೇಲೆ ಬ್ಯಾಂಡು ಸೇರಿದಾಗ ರೋಚ್ ಆ ಒಂದನೇ ಏಟನ್ನು ಸ್ನೇರ್ ಡ್ರಮ್ಮಿನ ಅಂಚಿಗೆ ತಾಗಿಸಿ ಬಾರಿಸ್ತಾರೆ, ಸಾಲು ಸಾಲಿಗೂ ಅದೇ ಜಾಗ, ಅದೇ ಜೋರು. ಅಲ್ಲಿ ಫಿಲ್ (ಖಾಲಿ ಜಾಗ ತುಂಬೋ ಚಿಕ್ಕ ಸುತ್ತು) ಹಾಕಿದ್ದರೆ, ರೋಲ್ ಹಾಕಿದ್ದರೆ, ನೋಡಿ ನಾನೆಷ್ಟು ಚೆನ್ನಾಗಿ ಬಾರಿಸ್ತೀನಿ ಅಂತ ತೋರಿಸಿದ್ದರೆ ಹಾಡೇ ಸತ್ತುಹೋಗ್ತಿತ್ತು. ಚಾಟಿ ಬೀಸೋನು ವೈವಿಧ್ಯ ನೋಡ್ತಾನಾ?

"ಒಂದೇ ಏಟನ್ನು ಬಾರಿಸ್ತಾ ಕೂತಿದ್ದಾರೆ" ಅಂದಿರಲ್ಲ. ನಿಮಗೆ ಸರಿಯಾಗೇ ಕೇಳಿಸಿದೆ.

ಡಿಕಾಕ್ಷನ್_ಡಬಲ್

ಅಯ್ಯೋ. ಮೇಡಂ, ಈಗ ಮತ್ತೆ ಹಾಕಿ ಎಣಿಸಿದೆ. ಐದನೆಯದಕ್ಕೆ ಕೈ ನಿಲ್ಲೋದು ನಿಜ. ಇದು ಮೊದಲು ಗಮನಕ್ಕೇ ಬರಲಿಲ್ಲ, ನಾನು ಸೋಲೋ ಯಾವಾಗ ಬರುತ್ತೆ ಅಂತ ಕಾಯ್ತಾ ಇದ್ದೆ. ಅದಿರಲಿ, ಅದರಲ್ಲಿ ಸ್ಯಾಕ್ಸ್ ನುಡಿಸೋರು ಒಂದು ಕಡೆ ಕೀಚ್ ಅಂತ ತಪ್ಪು ಮಾಡ್ತಾರೆ, ಅದನ್ನ ಯಾಕೆ ಹಾಗೇ ಬಿಟ್ಟರು?

ಹಳೇ_ವಾಲ್ವ್_ರೇಡಿಯೋ

ಇದಕ್ಕೆ ನಾನು ಉತ್ತರ ಹೇಳಲೇಬೇಕು, ನನಗೆ ಈ ಆಲ್ಬಂನಲ್ಲಿ ಅತಿ ಪ್ರೀತಿಯ ಜಾಗ ಅದು.

ಆ ಸ್ಯಾಕ್ಸ್ ಕೋಲ್ಮನ್ ಹಾಕಿನ್ಸ್. 1904ರಲ್ಲಿ ಹುಟ್ಟಿದವರು, ಅಂದರೆ ಈ ರೆಕಾರ್ಡಿಂಗ್ ಹೊತ್ತಿಗೆ ವಯಸ್ಸು 55 ದಾಟಿದೆ. ಜಾಜ್‌ನಲ್ಲಿ ಟೆನರ್ ಸ್ಯಾಕ್ಸ್ ಅನ್ನೋ ವಾದ್ಯಕ್ಕೆ ಮರ್ಯಾದೆ ತಂದುಕೊಟ್ಟವರು ಅವರೇ ಅಂತಾರೆ. 1944ರಲ್ಲಿ ಹಾಕಿನ್ಸ್ ಹೊಸ ಹುಡುಗರನ್ನು ಕಟ್ಟಿಕೊಂಡು ರೆಕಾರ್ಡಿಂಗ್ ಮಾಡಿದಾಗ ಡ್ರಮ್ ಹತ್ತಿರ ಕೂತಿದ್ದ 20 ವರ್ಷದ ಹುಡುಗ ಯಾರು ಅಂದುಕೊಂಡಿರಿ? ಇದೇ ಮ್ಯಾಕ್ಸ್ ರೋಚ್. ಹದಿನಾರು ವರ್ಷ ಆದ ಮೇಲೆ ಆ ಹುಡುಗನ ಆಲ್ಬಂಗೆ ಹಿರಿಯರು ಬಂದು ಒಂದೇ ಒಂದು ಹಾಡಿಗೆ ನುಡಿಸಿದ್ದಾರೆ.

ಸೋಲೋದಲ್ಲಿ ರೀಡು ಕೀಚ್ ಅಂತು. ಅದನ್ನು ಕತ್ತರಿಸಿ ಬೇರೆ ತುಂಡು ಜೋಡಿಸೋ ಮಾತು ಬಂತು. ಹಾಕಿನ್ಸ್ ಬೇಡ ಅಂದರು. ಇಂಥ ಹಾಡಿನಲ್ಲಿ ಎಲ್ಲವೂ ನುಣ್ಣಗೆ ಇದ್ದರೆ ಎಲ್ಲೋ ಏನೋ ತಪ್ಪಿದೆ ಅಂತಲೇ ಅರ್ಥ, ಅನ್ನೋದು ಅವರ ಮಾತಿನ ಭಾವ. ಆಲ್ಬಂ ಮಾಡಿಸಿದ ನ್ಯಾಟ್ ಹೆಂಟಾಫ್ ಬರೆದಿಟ್ಟಿರೋ ಸಂಗತಿ ಇದು. ಹಾಗಾಗಿ ಆ ಕೀಚ್ 60 ವರ್ಷ ದಾಟಿದರೂ ಅಲ್ಲೇ ಇದೆ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ, ಗೊತ್ತಿರೋರು ದಾಟಿ ಹೋಗಿ. ರೋಚ್ ಮತ್ತು ಗೀತೆ ಬರೆದ ಆಸ್ಕರ್ ಬ್ರೌನ್ ಜೂನಿಯರ್ ಇಬ್ಬರೂ ಸೇರಿ 1959ರಲ್ಲಿ ಒಂದು ದೊಡ್ಡ ಕೃತಿ ಕಟ್ಟೋಕೆ ಹೊರಟಿದ್ದರು. ಅಧ್ಯಕ್ಷ ಅಬ್ರಹಾಂ ಲಿಂಕನ್ ಹೊರಡಿಸಿದ ಗುಲಾಮರ ಬಿಡುಗಡೆಯ ಘೋಷಣೆಗೆ 1963ಕ್ಕೆ ನೂರು ವರ್ಷ ತುಂಬುತ್ತೆ, ಅದಕ್ಕೆ ಸರಿಯಾಗಿ ಆಡಿಸೋಣ ಅಂತ. ನಡುವೆ ಇಬ್ಬರಿಗೂ ಅಭಿಪ್ರಾಯ ಭೇದ ಬಂತು. ಅಷ್ಟರಲ್ಲಿ 1960 ಬಂತು. ಫೆಬ್ರವರಿ 1ಕ್ಕೆ ಅಮೆರಿಕದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ಕು ಜನ ಕಪ್ಪು ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರ ಬಡಿಸ್ತಿದ್ದ ಊಟದ ಕೌಂಟರಿನಲ್ಲಿ ಹೋಗಿ ಕೂತು, ಎದ್ದೇಳಲ್ಲ ಅಂದರು. ಮಾರ್ಚ್ 21ಕ್ಕೆ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಇನ್ನು 1963ರವರೆಗೆ ಯಾರು ಕಾಯ್ತಾರೆ? ಆಗಸ್ಟ್ 31 ಮತ್ತು ಸೆಪ್ಟೆಂಬರ್ 6, ಎರಡು ದಿನ, ನ್ಯೂಯಾರ್ಕಿನ ನೋಲಾ ಸ್ಟುಡಿಯೋ, ಕ್ಯಾಂಡಿಡ್ ಅನ್ನೋ ಚಿಕ್ಕ ಕಂಪನಿ. ಕೆಲಸ ಮುಗೀತು.

ಕವರ್ ಫೋಟೋ ನೋಡಿ. ಕೌಂಟರಿನಲ್ಲಿ ಮೂರು ಜನ ಕಪ್ಪು ಗಂಡಸರು, ಹಿಂದೆ ಬಿಳಿ ಟೋಪಿಯ ಬಿಳಿಯ ಕೆಲಸದವನು. ವಾದ್ಯ ಒಂದೂ ಇಲ್ಲ. ಡ್ರಮ್ಮರ್ ಆಲ್ಬಂ ಕವರಿನಲ್ಲಿ ಡ್ರಮ್ಮೇ ಇಲ್ಲ!

ಸುಮ್ನೆ_ಕೇಳೋನು

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೈಬೇಡಿ. ಇತಿಹಾಸ ಎಲ್ಲಾ ಸರಿ. ಆದರೆ ಹೋರಾಟದ ಆಲ್ಬಂ ಅಂದ ಕೂಡಲೇ ಸಂಗೀತ ಹೇಗಿದೆ ಅಂತ ಕೇಳೋದನ್ನೇ ನಾವು ಬಿಟ್ಟುಬಿಡ್ತೀವಿ. ಸಂಗೀತ ಅಂತ ಕೇಳಿದರೆ ನನಗೆ 'ಆಲ್ ಆಫ್ರಿಕಾ' ಎಳೆದ ಹಾಗೆ ಅನಿಸುತ್ತೆ. ಆಫ್ರಿಕಾದ ಜನಾಂಗಗಳ ಹೆಸರು ಒಂದೊಂದಾಗಿ ಹೇಳೋದು, ನೈಜೀರಿಯಾದ ಡ್ರಮ್ಮರ್ ಒಲಾಟುಂಜಿ ಯೊರುಬಾ ಭಾಷೆಯಲ್ಲಿ ಉತ್ತರ ಕೊಡೋದು, ಆಮೇಲೆ ಮುಗಿಯದ ತಾಳವಾದ್ಯ. ಸಭೆಯಲ್ಲಿ ಎದುರಿಗೆ ಕೂತು ಕೇಳಿದರೆ ಸರಿ, ಮನೆಯಲ್ಲಿ ಕೂತು ಹತ್ತು ಸಲ ಕೇಳೋಕಾಗಲ್ಲ. ಆ ಕಿರುಚಾಟವಂತೂ ನಾನು ಪ್ರತಿ ಸಲ ಮುಂದಕ್ಕೆ ಓಡಿಸ್ತೀನಿ. ಕೇಳೋಕೆ ಆಗದೇ ಇರೋದನ್ನ ಗ್ರೇಟ್ ಅಂತ ಹೇಳಲೇಬೇಕಾ? ರೋಚ್ ಕೈಚಳಕ ಬೇಕಾದರೆ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಜೊತೆಗಿನ ರೆಕಾರ್ಡು ಕೇಳಿ, 1956ರಲ್ಲಿ ಬ್ರೌನ್ ಕಾರ್ ಅಪಘಾತದಲ್ಲಿ ಹೋಗೋಕೆ ಮುಂಚಿನವು. ಅಲ್ಲಿ ಡ್ರಮ್ಮು ಹಾಡುತ್ತೆ.

ಲಯಕ್ಕೆ_ಬಿದ್ದವಳು

'ಆಲ್ ಆಫ್ರಿಕಾ' ಬಗ್ಗೆ ನಿಮ್ಮ ಜೊತೆ ಜಗಳ ಇಲ್ಲ. ನನಗೂ ಅದು ಸ್ವಲ್ಪ ಉದ್ದವೇ.

ಕಿರುಚಾಟದ ವಿಷಯಕ್ಕೆ ಮಾತ್ರ ಜಗಳ ಇದೆ. ನೀವು ಅದೊಂದನ್ನೇ ಹಾರಿಸಿ ಕೇಳಿದರೆ ಅದರ ಆಚೆ ಈಚೆ ಇರೋದು ಎರಡೂ ಅರ್ಥ ಕಳ್ಕೊಳ್ಳುತ್ತೆ. 'ಟ್ರಿಪ್ಟಿಕ್' ಅಂತ ಆ ಟ್ರ್ಯಾಕಿನ ಹೆಸರು, ಮೂರು ಭಾಗ: ಪ್ರಾರ್ಥನೆ, ಪ್ರತಿಭಟನೆ, ಶಾಂತಿ. ಎಂಟು ನಿಮಿಷ. ಇಡೀ ಎಂಟು ನಿಮಿಷ ಇರೋದು ಇಬ್ಬರೇ, ಆಬಿ ಲಿಂಕನ್ ಗಂಟಲು ಮತ್ತು ರೋಚ್ ಡ್ರಮ್ಮು. ಒಂದು ಪದ ಇಲ್ಲ. ಬಾಸ್ ಇಲ್ಲ, ತುತ್ತೂರಿ ಇಲ್ಲ.

ಪ್ರಾರ್ಥನೆ ಭಾಗದಲ್ಲಿ ಆಕೆ ಒಂದು ಸಾಲು ಗುನುಗ್ತಾರೆ, ನಿಲ್ಲಿಸ್ತಾರೆ. ಆ ನಿಂತ ಜಾಗದಲ್ಲಿ ರೋಚ್ ಮಾತಾಡ್ತಾರೆ, ಮೆತ್ತಗೆ, ಟಾಮ್ ಡ್ರಮ್‌ಗಳ ಮೇಲೆ. ಆಕೆ ಹಾಡುವಾಗ ಇವರು ದಾರಿ ಬಿಟ್ಟು ನಿಲ್ತಾರೆ. ಅಲ್ಲಿ ಅವರು ತಾಳ ಹಾಕೋ ಪಕ್ಕವಾದ್ಯದವರಲ್ಲ, ಎದುರಿಗೆ ಕೂತ ಇನ್ನೊಂದು ಗಂಟಲು. ಟಾಮ್‌ಗಳಿಂದ ಬೇರೆ ಬೇರೆ ಎತ್ತರದ ದನಿ ತೆಗೆಯೋದ್ರಲ್ಲಿ ರೋಚ್ ಎತ್ತಿದ ಕೈ, ಹಾಗಾಗಿ ಅದು ರಾಗದ ಹಾಗೇ ಏರಿಳಿಯುತ್ತೆ.

ಆಮೇಲೆ ಪ್ರತಿಭಟನೆ. ಒಂದೂಕಾಲು ನಿಮಿಷದಷ್ಟು. ಆಕೆ ಕಿರುಚ್ತಾರೆ, ಇವರು ಪೂರ್ತಿ ಸೆಟ್ಟನ್ನೇ ಬಡೀತಾರೆ. ಇಡೀ ಆಲ್ಬಂನಲ್ಲಿ ಲೆಕ್ಕ ತಪ್ಪಿಸೋ ಜಾಗ ಇದೊಂದೇ, ಎಣಿಸೋಕೆ ಹೋಗಿ ನೋಡಿ, ಕೈಗೆ ಏನೂ ಸಿಗಲ್ಲ. 'ಡ್ರೈವಾ ಮ್ಯಾನ್'ನಲ್ಲಿ ಅಷ್ಟು ಬಿಗಿಯಾಗಿ ಐದನ್ನು ಹಿಡಿದುಕೊಂಡಿದ್ದ ಮನುಷ್ಯ ಇಲ್ಲಿ ಕೈ ಬಿಟ್ಟಿದ್ದಾರೆ.

ಆಮೇಲೆ ಶಾಂತಿ, ಮತ್ತೆ ಐದು! ಅದೇ ಐದು ಈಗ ಚಾಟಿ ಅಲ್ಲ. ಆಕೆ ಸುಸ್ತಾಗಿ ಉಸಿರು ಬಿಡೋದು ಕೇಳಿಸುತ್ತೆ, ಇವರು ಮೆತ್ತಗೆ ಐದನ್ನು ಹಾಕ್ತಾ ಕೂತಿರ್ತಾರೆ. ಕೈಲಾದದ್ದೆಲ್ಲ ಮಾಡಿ ಮುಗಿಸಿದ ಮೇಲಿನ ಸುಸ್ತು ಅದು, ಹೂವು ಅರಳಿದ ಶಾಂತಿ ಅಲ್ಲ. ರೋಚ್ ಆಕೆಗೆ ಹೇಳಿಕೊಟ್ಟದ್ದೂ ಹೆಚ್ಚುಕಮ್ಮಿ ಇದನ್ನೇ.

ಕೊನೆಯ ಹಾಡು 'ಟಿಯರ್ಸ್ ಫಾರ್ ಜೋಹಾನ್ಸ್‌ಬರ್ಗ್', ಅದೂ ಐದು. ಶಾರ್ಪ್‌ವಿಲ್‌ನಲ್ಲಿ ಸತ್ತವರಿಗೆ. ಶುರುವಿಗೆ ಬಾಸ್ ಒಂದು ತುಣುಕು ಹಿಡಿದು ಅದನ್ನೇ ಸುತ್ತುತ್ತೆ. ಆಲ್ಬಂ ಶುರುವಾಗೋದು ಐದರಲ್ಲಿ, ಮುಗಿಯೋದು ಐದರಲ್ಲಿ, ನಡುವೆ ಒಂದು ಸಲ ಆ ಐದು ಒಡೆದು ಚೂರಾಗುತ್ತೆ. ಇದನ್ನ ಡ್ರಮ್ಮರ್ ಬಿಟ್ಟು ಬೇರೆ ಯಾರು ಯೋಚಿಸ್ತಾರೆ ಹೇಳಿ. ಡಿಕಾಕ್ಷನ್ ಅವರು ಡ್ರಮ್ ಎಲ್ಲಿ ಅಂತ ಕೇಳಿದ್ದಕ್ಕೆ ನನ್ನ ಉತ್ತರ ಅದು.

ಸುಮ್ನೆ_ಕೇಳೋನು

ಸರಿ, ಆ ಐದು-ಒಡೆಯೋದು-ಐದು ಅನ್ನೋದು ಒಳ್ಳೇ ಪಾಯಿಂಟು, ನನಗೆ ಹೊಳೆದಿರಲಿಲ್ಲ. 'ಆಲ್ ಆಫ್ರಿಕಾ' ಇನ್ನೂ ಉದ್ದವೇ.

ಮಂಗಳೂರ್_ಮಳೆ

ಯಾರೂ ಹೇಳದ ಒಂದು ವಿಷಯ. ಈ ಆಲ್ಬಂನಲ್ಲಿ ಪಿಯಾನೋ ಇಲ್ಲ. ಗಿಟಾರೂ ಇಲ್ಲ. ಟ್ರಂಪೆಟ್‌ಗೆ ಬುಕರ್ ಲಿಟಲ್, ಟ್ರಾಂಬೋನ್‌ಗೆ ಜೂಲಿಯನ್ ಪ್ರೀಸ್ಟರ್, ಟೆನರ್‌ಗೆ ವಾಲ್ಟರ್ ಬೆಂಟನ್, ಬಾಸ್‌ಗೆ ಜೇಮ್ಸ್ ಶೆಂಕ್. ಸ್ವರಗಳ ಗೊಂಚಲು ಹಾಕಿ ಕೆಳಗೆ ಮೆತ್ತೆ ಹಾಸೋ ವಾದ್ಯವೇ ಇಲ್ಲ. ನಾನು ಚರ್ಚ್ ಕಾಯಿರ್‌ನಲ್ಲಿ ಕೀಬೋರ್ಡ್ ನುಡಿಸೋನು, ನನಗೆ ಇದು ಕೂಡಲೇ ಕಿವಿಗೆ ಬಿತ್ತು. ಪಿಯಾನೋ ತೆಗೆದರೆ ನಡುವೆ ಒಂದು ದೊಡ್ಡ ತೂತು ಬೀಳುತ್ತೆ. ಊದುವವರ ಸ್ವರ ಬರಿಗಾಲಲ್ಲಿ ನಿಂತ ಹಾಗೆ ಕೇಳಿಸುತ್ತೆ. ಆ ತೂತಿನಲ್ಲಿ ಏನು ಕೇಳಿಸುತ್ತೆ? ಡ್ರಮ್ಮು. ಸಿಂಬಲ್‌ನ ಒಂದೊಂದು ತುದಿಯೂ ಕೇಳಿಸುತ್ತೆ.

'ಫ್ರೀಡಂ ಡೇ'ಯಲ್ಲಿ ಇದನ್ನು ಗಮನಿಸಿ. ಬಿಡುಗಡೆ ಆಯ್ತಂತೆ, ನಿಜಾನಾ, ಗಾಳಿಸುದ್ದಿನಾ ಅಂತ ಜನ ಪಿಸುಗುಟ್ಟೋ ಹಾಡು. ಓಟದ ವೇಗ. ಕೆಳಗೆ ಮೆತ್ತೆ ಇಲ್ಲದ್ದಕ್ಕೇ ಆ ಅನುಮಾನ, ಆ ಚಡಪಡಿಕೆ ಹಾಗೇ ಉಳಿದಿದೆ. ಅದೇ ಜಾಗದಲ್ಲಿ ಪಿಯಾನೋ ಇದ್ದಿದ್ದರೆ ಹಬ್ಬದ ಮನೆ ಆಗಿಬಿಡ್ತಿತ್ತು.

ಬುಕರ್ ಲಿಟಲ್ ಬಗ್ಗೆ ಒಂದು ಮಾತು. ಅವರು 1961ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಮೂತ್ರಪಿಂಡದ ಕಾಯಿಲೆ, 23 ವರ್ಷ. ಕೊನೆಯ ಹಾಡಿನ ಟ್ರಂಪೆಟ್ ಕೇಳುವಾಗ ಇದು ತಲೆಯಿಂದ ಹೋಗಲ್ಲ ನನಗೆ.

ಖಂಡಚಾಪು_ಕಿಟ್ಟಿ

ಖಂಡಚಾಪು ಅಲ್ಲ ಅಂತ ಒಪ್ಪಿದೆ ಲಯಕ್ಕ. ಹೆಸರು ಬದಲಾಯಿಸೋಕೆ ಈಗ ಆಗಲ್ಲ, ಕ್ಷಮಿಸಿ.

ಒಂದು ಡೌಟು. ನಮ್ಮ ಲಯದವರಿಗೂ ಜಾಜ್‌ನವರಿಗೂ ಏನಾದರೂ ನಂಟು ಇತ್ತಾ? ಈ ರೋಚ್ ನಮ್ಮ ಕಡೆಯಿಂದ ಐದು ಎತ್ತಿಕೊಂಡರಾ?

ಹಳೇ_ವಾಲ್ವ್_ರೇಡಿಯೋ

ಪ್ರಪಂಚದಲ್ಲಿ ಐದು ಎಣಿಸಿದವರೆಲ್ಲ ನಮ್ಮ ಶಿಷ್ಯರಲ್ಲಪ್ಪ. ಈ ಆಲ್ಬಂಗೂ ನಮಗೂ ಗಂಟು ಹಾಕೋದು ಬೇಡ.

ಬೇರೆ ಕಡೆ ನಿಜವಾದ ನಂಟು ಇದೆ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದರಲ್ಲ, ಆ ತಂಡ ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ ಜೊತೆ ವರ್ಷಗಟ್ಟಲೆ ಕೆಲಸ ಮಾಡಿತು. ಆರ್.ಎ. ರಮಾಮಣಿ ಅವರ ಹಾಡು, ಕೊನ್ನಕ್ಕೋಲು, ಮೃದಂಗ, ಅದರ ಮೇಲೆ ಸ್ಯಾಕ್ಸ್. 1983ರಲ್ಲಿ 'ಜ್ಯೋತಿ' ಅಂತ ರೆಕಾರ್ಡೂ ಆಗಿದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡು, ಬರ್ತೀನಿ.

ಶಿವಮೊಗ್ಗ_ಟು_ನ್ಯೂಜರ್ಸಿ

ತಡವಾಗಿ ಬಂದೆ. ಈ ಆಲ್ಬಂ ಆದ ಮೇಲೆ ರೋಚ್, ಆಬಿ ಇಬ್ಬರಿಗೂ ಏನಾಯ್ತು ಅಂತ ಯಾರೂ ಹೇಳಲಿಲ್ಲ, ಅದೂ ಇದೇ ಕತೆಯ ಭಾಗ. ದಕ್ಷಿಣ ಆಫ್ರಿಕಾ ಸರ್ಕಾರ ಆಲ್ಬಂ ನಿಷೇಧ ಮಾಡಿತು. 1961ರ ಮೇ ತಿಂಗಳಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕಛೇರಿ ನಡೀತಾ ಇರುವಾಗ ರೋಚ್ ಫಲಕ ಹಿಡಿದು ಹೋಗಿ ವೇದಿಕೆ ಮೇಲೇ ಕೂತುಬಿಟ್ಟರು. ಮೈಲ್ಸ್ ಅವರ ಸ್ನೇಹಿತರೇ! ಚಾರ್ಲಿ ಪಾರ್ಕರ್ ಗುಂಪಿನಲ್ಲಿ ಇಬ್ಬರೂ ಜೊತೆಗೆ ನುಡಿಸಿದವರು. ಆಬಿ ಲಿಂಕನ್ ಅವರ ಮುಂದಿನ ಆಲ್ಬಂಗೆ 'ಡೌನ್‌ಬೀಟ್' ಪತ್ರಿಕೆಯಲ್ಲಿ ಐರಾ ಗಿಟ್ಲರ್ ವಿಮರ್ಶೆ ಬರೆದರು. ಈಕೆ ತನ್ನ ಜನಾಂಗವನ್ನೇ ಕಸುಬು ಮಾಡಿಕೊಂಡಿದ್ದಾರೆ ಅನ್ನೋ ಧಾಟಿ. ಅದರ ಮೇಲೆ ದೊಡ್ಡ ಜಗಳವೇ ಆಗಿ, 1962ರಲ್ಲಿ ಅದೇ ಪತ್ರಿಕೆ ಎಲ್ಲರನ್ನೂ ಎದುರುಬದುರು ಕೂರಿಸಿ ಚರ್ಚೆ ಮಾಡಿಸಿ ಅಚ್ಚು ಹಾಕಿತು. ಅದೇ ವರ್ಷ ರೋಚ್-ಲಿಂಕನ್ ಮದುವೆ ಆದರು, 1970ಕ್ಕೆ ಬೇರೆಯಾದರು.

2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಂ ಅನ್ನು ಕಾಪಾಡಿ ಇಡಬೇಕಾದ ರೆಕಾರ್ಡಿಂಗ್‌ಗಳ ಪಟ್ಟಿಗೆ ಸೇರಿಸಿತು. ರೋಚ್ 2007ರಲ್ಲೇ ಹೋಗಿದ್ದರು, ಆಬಿ 2010ರಲ್ಲಿ.

ನಾನು ಇದರ ಎಲ್‌ಪಿ ತರಿಸಿದ್ದೆ ಒಂದು ಆನ್‌ಲೈನ್ ಅಂಗಡಿಯಿಂದ. ಹೊಸ ಪ್ರತಿ ಅಂತ ಹಾಕಿದ್ದರು, ಬಂದದ್ದು ಹಪ್ಪಳದ ಹಾಗೆ ಸೊಟ್ಟ. ಎರಡು ದಪ್ಪ ಡಿಕ್ಷನರಿ ನಡುವೆ ಮೂರು ವಾರ ಇಟ್ಟೆ, ಸ್ವಲ್ಪ ಸರಿಹೋಯ್ತು. ಈಗಲೂ ಮೊದಲ ಹಾಡು ಸುತ್ತಿಗೊಂದು ಸಲ ತೂಗುತ್ತೆ. ಐದರ ಮೇಲೆ ಇನ್ನೊಂದು ತಾಳ ಫ್ರೀ.

ಇನ್ನೊಂದು: 1964ರಲ್ಲಿ ಬೆಲ್ಜಿಯಂ ಟೀವಿಗೆ ಇದನ್ನು ಪೂರ್ತಿ ನುಡಿಸಿದ ಕಪ್ಪು-ಬಿಳುಪು ಚಿತ್ರಣ ಇದೆ, ಹುಡುಕಿ ನೋಡಿ. ಟೆನರ್‌ಗೆ ಕ್ಲಿಫರ್ಡ್ ಜೋರ್ಡನ್. ರೋಚ್ ಬೆನ್ನು ನೆಟ್ಟಗೆ, ಅಲ್ಲಾಡದೆ ಕೂತು ಬಾರಿಸೋದು ನೋಡಬೇಕು.

ಡಿಕಾಕ್ಷನ್_ಡಬಲ್

ಎಲ್ಲರಿಗೂ ಥ್ಯಾಂಕ್ಸ್. ಬೆಲ್ಜಿಯಂದು ನೋಡಿದೆ, 'ಟ್ರಿಪ್ಟಿಕ್' ಭಾಗ ಎರಡು ಸಲ. ಈ ಸಲ ಹೆಡ್‌ಫೋನ್ ಹಾಕಿಕೊಂಡಿದ್ದೆ, ಆದರೂ ಅಮ್ಮ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಬರೀ ಮೂಕ ಚಿತ್ರ ನೋಡಿದ್ದಾರೆ, ಆಬಿ ಲಿಂಕನ್ ಬಾಯಿ ತೆರೆದು ಕಿರುಚೋದು, ಪಕ್ಕದಲ್ಲಿ ಇವರು ಬಡಿಯೋದು. "ಆವತ್ತು ಕಿರುಚಿದ್ದು ಇವಳೇನಾ" ಅಂದರು. ಹೌದು ಅಂದೆ. ಒಂದು ಕಿವಿಯದ್ದು ತೆಗೆದು ಕೊಟ್ಟೆ. ಕೊನೇ ಭಾಗ ಬರೋವರೆಗೂ ನಿಂತೇ ಕೇಳಿದರು. ಆಮೇಲೆ "ಆ ಹುಡುಗಿಗೆ ಸುಸ್ತಾಗಿದೆ ಪಾಪ, ನೀರು ಕೊಡಬಾರದಾ ಯಾರಾದ್ರೂ" ಅಂತ ಹೇಳಿ ಒಳಗೆ ಹೋದರು.

ಇವತ್ತು ಪ್ರಾಕ್ಟೀಸಿಗೆ ಕೂತು 'ಡ್ರೈವಾ ಮ್ಯಾನ್' ಜೊತೆ ಬಾರಿಸೋಕೆ ನೋಡಿದೆ. ಒಂದನೇ ಏಟು ಮಾತ್ರ, ಬೇರೇನೂ ಹಾಕಬಾರದು ಅಂತ ತೀರ್ಮಾನ ಮಾಡಿಕೊಂಡು. ಒಂದೂವರೆ ನಿಮಿಷಕ್ಕೆ ಎಡಗೈ ತಾನೇ ಒಂದು ಫಿಲ್ ಹಾಕಿಬಿಡ್ತು.

ಲಯಕ್ಕೆ_ಬಿದ್ದವಳು

ಒಂದೂವರೆ ನಿಮಿಷ ತಡೆದ್ರಲ್ಲ! ನಾಳೆ ಎಡಗೈ ತೊಡೆ ಕೆಳಗೆ ಇಟ್ಟುಕೊಂಡು ಕೂತ್ಕೊಳ್ಳಿ.